ಮನೆ–ತೋಟ: ಆಡು ಕಟ್ಟುವ ಮುನ್ನ



ಮಂಗಳೂರಿನಿಂದ ಓದುಗ ಸಹೋದರಿಯೊಬ್ಬರು ಪತ್ರ ಬರೆದಿದ್ದಾರೆ. ಅವರ ಮೂಲ ಧಾರವಾಡದ ಕಡೆಯ ಹಳ್ಳಿ. ಯಜಮಾನರ ಉದ್ಯೋಗದ ನಿಮಿತ್ತ ಕಡಲ ತೀರಕ್ಕೆ ಬಂದವರು ಇಲ್ಲಿಯೇ ನೆಲೆಸಿ, ನಿವೃತ್ತಿಯ ಹಣದಲ್ಲಿ ಗುರುಪುರದ ಆಚೆ ಎಪ್ಪತ್ತು ಸೆಂಟ್ಸು ಅಡಿಕೆ ತೋಟವನ್ನು ಕೊಂಡಿದ್ದಾರೆ. ಹಸು ಕಟ್ಟುವಷ್ಟು ಹುಲ್ಲೂ ಇಲ್ಲ, ಮೈಯಲ್ಲಿ ಕಸುವೂ ಇಲ್ಲ. ಎರಡು ಮೂರು ಹಾಲಿನ ಆಡುಗಳನ್ನು ಸಾಕಿದರೆ ಮನೆಗೆ ಹಾಲು, ತೋಟಕ್ಕೆ ಗೊಬ್ಬರ ಎರಡೂ ಆದೀತೆಂಬುದು ಅವರ ಯೋಚನೆ. ಯಾವ ತಳಿ ಒಳ್ಳೆಯದು, ಎಷ್ಟು ಹಾಲು ಸಿಕ್ಕೀತು ಎಂದು ಕೇಳಿದ್ದಾರೆ. ಪತ್ರದ ಕೊನೆಯಲ್ಲಿ, ಎಂಬತ್ತು ದಾಟಿದ ಅತ್ತೆಯವರು ಇದಕ್ಕೆ ಒಪ್ಪುತ್ತಿಲ್ಲವೆಂದು ತಿಳಿಸಿ, ಅವರ ಮಾತನ್ನು ಇದ್ದಂತೆಯೇ ಬರೆದಿದ್ದಾರೆ: "ಹೆಣ್ಣ ಮರಿ ಹುಟ್ಟಿದ್ರ ದೊಡ್ಡದಾಗಿ ಹಾಲ ಕೊಡ್ತದ. ಗಂಡ ಮರಿ ಹುಟ್ಟಿದ್ರ ಏನ ಮಾಡ್ತೀರಿ?"

ಮೊದಲೆರಡು ಪ್ರಶ್ನೆಗಳಿಗೆ ಉತ್ತರ ಹೇಳುವುದು ಸುಲಭ. ಆ ಹಿರಿಯ ತಾಯಿಯ ಪ್ರಶ್ನೆಯೇ ಈ ತಿಂಗಳ ಅಂಕಣಕ್ಕೆ ಕಾರಣ. ಆದರೆ ಸಾಕುವ ಕ್ರಮವನ್ನು ತಿಳಿಯದೆ ಆ ಪ್ರಶ್ನೆಯ ಭಾರ ತಿಳಿಯದು. ಆದುದರಿಂದ ಮೊದಲು ಸಾಕಣೆಯ ವಿಚಾರವನ್ನೇ ನೋಡೋಣ.

ತಳಿಯ ಆಯ್ಕೆ

ಹಾಲಿನ ಆಡುಗಳೆಂದೊಡನೆ ಜನ ಹೇಳುವ ಹೆಸರು ಜಮುನಾಪಾರಿ. ಉತ್ತರ ಪ್ರದೇಶದ ಇಟಾವಾ ಜಿಲ್ಲೆಯ ಯಮುನಾ–ಚಂಬಲ್ ನದಿಗಳ ಪ್ರದೇಶ ಇದರ ತವರು. ಪಂಜಾಬಿನ ಬೀಟಲ್ ಕೂಡ ಹಾಲಿಗೆ ಹೆಸರಾದುದೇ. ಸ್ವಿಟ್ಜರ್ಲೆಂಡಿನ ಸಾನೆನ್ ತಳಿಯಂತೂ ಹಾಲಿನಲ್ಲಿ ಜಗತ್ಪ್ರಸಿದ್ಧ. ಆದರೆ ತವರಿನ ಕೀರ್ತಿ ಬೇರೆ, ಮಂಗಳೂರಿನ ಮಳೆಗಾಲ ಬೇರೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಬೇಸಿಗೆಯಲ್ಲಿ ಬೆವರು ಆರದ ಈ ನೆಲದಲ್ಲಿ ಒಣ ಸೀಮೆಯ ಮತ್ತು ಚಳಿ ಸೀಮೆಯ ತಳಿಗಳು ಬೇಗನೆ ಸೊರಗುತ್ತವೆ.

ಕರಾವಳಿಗೆ ಒಗ್ಗಿದ ತಳಿ ನೆರೆಯಲ್ಲಿಯೇ ಇದೆ. ಕಣ್ಣೂರು, ಕಲ್ಲಿಕೋಟೆ, ಮಲಪ್ಪುರಂ ಜಿಲ್ಲೆಗಳ ಮಲಬಾರಿ ಆಡು, ಅಂದರೆ ತಲಶ್ಶೇರಿ ಆಡು, ನಮ್ಮಂತಹುದೇ ಮಳೆಯಲ್ಲಿ ತಲೆತಲಾಂತರದಿಂದ ಬೆಳೆದುದು. ಸ್ಥಳೀಯ ಆಡುಗಳೊಡನೆ ಅರಬ್ ವ್ಯಾಪಾರಿಗಳು ತಂದ ಆಡುಗಳು ಬೆರೆತು ಈ ತಳಿ ಆಯಿತೆನ್ನುತ್ತಾರೆ. ತ್ರಿಶೂರಿನ ಬಳಿಯ ಮಣ್ಣುತ್ತಿಯ ಪಶುವೈದ್ಯಕೀಯ ಸಂಸ್ಥೆಯಲ್ಲಿ ಈ ತಳಿಯ ಸುಧಾರಣೆಯ ಕೆಲಸ ಬಹುಕಾಲದಿಂದ ನಡೆದಿದೆ. ಬೆಳೆದ ಹೆಣ್ಣಾಡು ಸುಮಾರು ಮೂವತ್ತು ಕಿಲೋ ತೂಗುತ್ತದೆ. ಅವಳಿ ಮರಿ ಸಾಮಾನ್ಯ, ತ್ರಿವಳಿಯೂ ಅಪರೂಪವಲ್ಲ. ಚೆನ್ನಾಗಿ ನೋಡಿಕೊಂಡರೆ ದಿನಕ್ಕೆ ಒಂದು ಲೀಟರಿನ ಆಸುಪಾಸು, ಐದಾರು ತಿಂಗಳು ಹಾಲು ಕೊಡುತ್ತದೆ. ಇದಕ್ಕಿಂತ ಹೆಚ್ಚಿನ ಲೆಕ್ಕ ಹೇಳುವ ಮಾರಾಟಗಾರನ ಎದುರಿಗೇ ಎರಡು ಹೊತ್ತು ಕರೆದು ಅಳೆದು ನೋಡಿಯೇ ಹಣ ಕೊಡಬೇಕು. ಕೆಚ್ಚಲು ಮೃದುವಾಗಿರಬೇಕು, ಕರೆದ ಮೇಲೆ ಕುಗ್ಗಬೇಕು, ಗಂಟು ಇರಬಾರದು, ಎರಡೂ ಮೊಲೆಗಳು ಸಮವಾಗಿರಬೇಕು.

ಹಟ್ಟಿ

ಕರಾವಳಿಯಲ್ಲಿ ಆಡಿನ ಮೊದಲ ಶತ್ರು ತೇವ. ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಮೊದಲ ವರ್ಷ ನಮ್ಮ ಹಳೆಯ ದನದ ಹಟ್ಟಿಯ ನೆಲದಲ್ಲಿಯೇ ಆಡುಗಳನ್ನು ಕಟ್ಟಿದೆ. ಆಟಿ ತಿಂಗಳ ಮಳೆಯಲ್ಲಿ ಗೋಡೆಯ ಬುಡದಿಂದ ನೀರು ಒಸರಿ ನೆಲ ಆರಲೇ ಇಲ್ಲ. ಹತ್ತು ದಿನದ ಎರಡು ಮರಿಗಳು ಕೆಮ್ಮಿ, ಉಬ್ಬಸಪಟ್ಟು, ಒಂದೇ ವಾರದಲ್ಲಿ ಸತ್ತವು. ತಪ್ಪು ನನ್ನದೇ.

ಆಡಿಗೆ ಅಟ್ಟದ ಮನೆ ಬೇಕು. ನೆಲದಿಂದ ನಾಲ್ಕು ಅಡಿ ಎತ್ತರದಲ್ಲಿ ಹಲಗೆಯ ಅಟ್ಟ ಹಾಕಬೇಕು. ನಮ್ಮಲ್ಲಿ ಅಡಿಕೆ ಮರದ ದಬ್ಬೆಗಿಂತ ಅಗ್ಗದ ವಸ್ತು ಬೇರೆ ಇಲ್ಲ. ದಬ್ಬೆಗಳ ನಡುವೆ ಹಿಕ್ಕೆ ಬೀಳುವಷ್ಟು, ಅಂದರೆ ಅರ್ಧ ಅಂಗುಲಕ್ಕಿಂತ ತುಸು ಹೆಚ್ಚು, ಸಂದು ಇರಲಿ. ಹೆಚ್ಚಾದರೆ ಕಾಲು ಸಿಕ್ಕಿ ಮುರಿಯುತ್ತದೆ. ಮರಿಗಳಿರುವ ಕಡೆ ಇನ್ನೂ ಕಿರಿದಾಗಿರಬೇಕು. ಬೆಳೆದ ಆಡೊಂದಕ್ಕೆ ಹತ್ತು ಹನ್ನೆರಡು ಚದರಡಿ ಜಾಗ ಸಾಕು. ಮಳೆ ಬೀಸುವುದು ಪಡುವಣದಿಂದಾದ ಕಾರಣ ಆ ಬದಿಯನ್ನು ಪೂರ್ತಿ ಮುಚ್ಚಿ, ಮೂಡಣ ಬದಿಯನ್ನು ಗಾಳಿಬೆಳಕಿಗೆ ತೆರೆದಿಡಬೇಕು. ಅಟ್ಟದ ಅಡಿಯಲ್ಲಿ ಬಿದ್ದ ಹಿಕ್ಕೆಯನ್ನು ವಾರಕ್ಕೊಮ್ಮೆ ಗುಡಿಸಿ ಗುಂಡಿಗೆ ಹಾಕಿ ಕೊಳೆಸಿದರೆ ಅಡಿಕೆಗೂ ಬಾಳೆಗೂ ಉತ್ತಮ ಗೊಬ್ಬರ. ಹಸುವಿನ ಸಗಣಿಗಿಂತ ಇದರಲ್ಲಿ ಸಾರ ಅಧಿಕ.

ನಗರದ ಒಳಗೆ, ಮನೆಗೆ ಮನೆ ತಾಗಿದ ಕಡೆಗಳಲ್ಲಿ ಆಡು ಸಾಕುವವರು ಮೊದಲು ಪಾಲಿಕೆಯ ನಿಯಮವನ್ನೂ ನೆರೆಯವರ ಮನಸ್ಸನ್ನೂ ಕೇಳಿ ತಿಳಿಯಬೇಕು.

ಮೇವು

ಆಡು ಮುಟ್ಟದ ಸೊಪ್ಪಿಲ್ಲವೆಂಬುದು ಗಾದೆ. ಸಾಕಿದವರು ಮಾತ್ರ ಇದನ್ನು ಅರ್ಧವೇ ಒಪ್ಪುತ್ತಾರೆ. ಆಡು ಎಲ್ಲವನ್ನೂ ಮೂಸಿ ನೋಡುತ್ತದೆ, ಆದರೆ ಆರಿಸಿ ತಿನ್ನುತ್ತದೆ. ನೆಲಕ್ಕೆ ಬಿದ್ದ ಮೇವನ್ನು ಮುಟ್ಟದು. ಆದ್ದರಿಂದ ಸೊಪ್ಪನ್ನು ಕಟ್ಟು ಕಟ್ಟಿ ತೂಗುಹಾಕಬೇಕು. ಹಾಲು ಕೊಡುವ ಆಡಿಗೆ ದಿನಕ್ಕೆ ಮೂರು ನಾಲ್ಕು ಕಿಲೋ ಹಸಿ ಸೊಪ್ಪು ಬೇಕು. ಹಲಸಿನ ಎಲೆ ಅದಕ್ಕೆ ಬಲು ಪ್ರಿಯ. ಅಗಸೆ, ನುಗ್ಗೆ, ಹಾಲಿವಾಣಗಳ ಸೊಪ್ಪೂ ಒಳ್ಳೆಯದೇ. ಗ್ಲಿರಿಸಿಡಿಯಾದ ವಾಸನೆಗೆ ಮೊದಮೊದಲು ಮುಖ ತಿರುಗಿಸುತ್ತದೆ. ಕೆಲವು ಗಂಟೆ ಬಾಡಿಸಿ ಕೊಟ್ಟರೆ ಒಗ್ಗುತ್ತದೆ. ಸುಬಾಬುಲ್ ಸೊಪ್ಪು ಒಟ್ಟು ಮೇವಿನ ಮೂರನೆಯ ಒಂದು ಪಾಲನ್ನು ಮೀರದಿರಲಿ. ಇದರ ಜೊತೆಗೆ ಮೈಯ ಪೋಷಣೆಗೆ ಕಾಲು ಕಿಲೋ ಹಿಂಡಿ–ಬೂಸಾ, ಪ್ರತಿ ಲೀಟರು ಹಾಲಿಗೆ ಮತ್ತೆ ಮುನ್ನೂರೈವತ್ತರಿಂದ ನಾನೂರು ಗ್ರಾಂ, ಸ್ವಲ್ಪ ಖನಿಜ ಮಿಶ್ರಣ, ಉಪ್ಪು ಮತ್ತು ಸದಾ ಶುದ್ಧ ನೀರು ಬೇಕು.

ಎರಡು ಎಚ್ಚರಿಕೆಗಳು. ಮರಗೆಣಸಿನ ಹಸಿ ಎಲೆ, ಕಣಗಿಲೆ, ಲಂಟಾನ ಇವು ವಿಷ. ಅಡಿಕೆ ತೋಟಕ್ಕೆ ಕೊಳೆರೋಗದ ಮದ್ದು ಬಿಟ್ಟ ಮೇಲೆ ಮರದ ಕೆಳಗಿನ ಹುಲ್ಲನ್ನು ಆಡುಗಳಿಗೆ ಹಾಕಬಾರದು. ಬೋರ್ಡೋ ದ್ರಾವಣದ ಮೈಲುತುತ್ತಿನಲ್ಲಿರುವ ತಾಮ್ರ ಹೊಟ್ಟೆಗೆ ಸೇರಿ ಕರುಳನ್ನೂ ಯಕೃತ್ತನ್ನೂ ಕೆಡಿಸುತ್ತದೆ. ಮಳೆಗಾಲಕ್ಕೆ ಬೇಕಾದ ಸೊಪ್ಪಿನ ಗಿಡಗಳನ್ನು ತೋಟದ ಬೇಲಿಯಲ್ಲಿ, ಮದ್ದು ಬೀಳದೆಡೆಯಲ್ಲಿ, ಒಂದು ವರ್ಷ ಮುಂಚಿತವಾಗಿಯೇ ನೆಡುವುದು ಜಾಣತನ. ಗಿಡ ಬಂದ ಮೇಲೆ ಆಡು ಬರಲಿ. ಆಡು ಬಂದ ಮೇಲೆ ಗಿಡ ನೆಡುವುದು ಬೇಡ.

ಗಬ್ಬ ಮತ್ತು ಮರಿ

ಪಡ್ಡೆ ಆಡಿಗೆ ಹತ್ತು ಹನ್ನೆರಡು ತಿಂಗಳಾಗಿ, ತೂಕ ಇಪ್ಪತ್ತು ಕಿಲೋ ದಾಟಿದ ಮೇಲೆಯೇ ಹೋತವನ್ನು ಕೂಡಿಸಬೇಕು. ಬೆದೆ ಸುಮಾರು ಇಪ್ಪತ್ತೊಂದು ದಿನಗಳಿಗೊಮ್ಮೆ ಬರುತ್ತದೆ. ಒಂದೂವರೆ ದಿನ ಇರುತ್ತದೆ. ಗಬ್ಬದ ಅವಧಿ ಸುಮಾರು ನೂರೈವತ್ತು ದಿನ. ಎರಡು ಮೂರು ಆಡು ಇರುವವರು ಹೋತವನ್ನು ಸಾಕುವ ಅಗತ್ಯವಿಲ್ಲ. ಒಂದು ಹೋತ ಇಪ್ಪತ್ತೈದು ಆಡುಗಳಿಗೆ ಸಾಕಾಗುತ್ತದೆ. ಅದರ ವಾಸನೆ ಹಾಲಿಗೂ ಹತ್ತುತ್ತದೆ.

ಮರಿ ಹುಟ್ಟಿದೊಡನೆ ಮೂಗು ಬಾಯಿ ಒರೆಸಿ, ಹೊಕ್ಕುಳಿಗೆ ಅಯೋಡಿನ್ ಹಚ್ಚಿ, ಒಂದು ಗಂಟೆಯೊಳಗೆ ಗಿಣ್ಣು ಹಾಲು ಕುಡಿಸಬೇಕು. ಮೊದಲ ದಿನ ಮರಿಯ ತೂಕದ ಹತ್ತನೆಯ ಒಂದು ಪಾಲಿನಷ್ಟು ಗಿಣ್ಣು ಹಲವು ಸಲವಾಗಿ ಹೊಟ್ಟೆಗೆ ಹೋಗಬೇಕು. ತಾಯಿಯ ರೋಗನಿರೋಧಕ ಶಕ್ತಿ ಮರಿಗೆ ದೊರೆಯುವುದು ಈ ಹಾಲಿನಿಂದಲೇ. ಗಿಣ್ಣನ್ನು ಕರೆದು ಮನೆಯಲ್ಲಿ ಸಿಹಿ ಮಾಡುವ ಆಸೆಯನ್ನು ಈ ಪ್ರಾಣಿಯ ವಿಷಯದಲ್ಲಿ ಬಿಡಬೇಕು.

ಆರೋಗ್ಯ

ಮಳೆಗಾಲದಲ್ಲಿ ಆಡುಗಳನ್ನು ಕೊಲ್ಲುವುದರಲ್ಲಿ ಜಂತುವಿಗೆ ಮೊದಲ ಸ್ಥಾನ. ರಕ್ತ ಹೀರುವ ಈ ಹುಳುವಿನ ಮರಿಗಳು ಒದ್ದೆ ಹುಲ್ಲಿನ ತುದಿಗೆ ಏರಿ ಕುಳಿತಿರುತ್ತವೆ. ಆದುದರಿಂದ ಇಬ್ಬನಿ, ಮಳೆನೀರು ಆರದೆ ಮೇಯಲು ಬಿಡಬಾರದು. ವಾರಕ್ಕೊಮ್ಮೆ ಆಡಿನ ಕೆಳಗಣ್ಣ ರೆಪ್ಪೆಯನ್ನು ಬಿಡಿಸಿ ನೋಡಿರಿ. ಒಳಮೈ ಕೆಂಪಾಗಿದ್ದರೆ ಕ್ಷೇಮ. ಬಿಳಿಚಿದ್ದರೆ ತಡಮಾಡದೆ ಪಶುವೈದ್ಯರನ್ನು ಕಾಣಬೇಕು. ಕಂಡಕಂಡಾಗ ಜಂತಿನ ಔಷಧಿ ಕುಡಿಸಿದರೆ ಹುಳುಗಳು ಅದಕ್ಕೆ ಒಗ್ಗಿಹೋಗಿ, ಬೇಕಾದಾಗ ಅದು ಕೆಲಸ ಮಾಡದು.

ಪಿ.ಪಿ.ಆರ್. ಎಂಬ ಆಡುಗಳ ಮಾರಿ ರೋಗ ನಮ್ಮ ದೇಶದಲ್ಲಿ ಮೊದಲು ಗುರುತಿಸಲ್ಪಟ್ಟುದು 1987ರಲ್ಲಿ, ತಮಿಳುನಾಡಿನಲ್ಲಿ. ಇದರ ಲಸಿಕೆಯನ್ನು ಮರಿಗೆ ಮೂರು ತಿಂಗಳು ತುಂಬಿದ ಮೇಲೆ ಹಾಕಿಸಿದರೆ ಮೂರು ವರ್ಷ ರಕ್ಷಣೆ ಇರುತ್ತದೆ. ಕರುಳುಬೇನೆಯ ಲಸಿಕೆಯನ್ನು ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಹಾಕಿಸಬೇಕು. ಗೊರಸನ್ನು ಒಂದೆರಡು ತಿಂಗಳಿಗೊಮ್ಮೆ ಕತ್ತರಿಸಬೇಕು. ಕರೆಯುವ ಮುನ್ನ ಕೆಚ್ಚಲು ತೊಳೆದು ಒರೆಸಿ, ಮೊದಲ ಧಾರೆಯನ್ನು ಬೇರೆ ಬಟ್ಟಲಿಗೆ ಹಿಂಡಿ, ಗಂಟು ಅಥವಾ ರಕ್ತ ಇದೆಯೇ ಎಂದು ನೋಡುವ ಅಭ್ಯಾಸವಿದ್ದರೆ ಕೆಚ್ಚಲುಬಾವು ಮೊದಲ ದಿನವೇ ಗೊತ್ತಾಗುತ್ತದೆ.

ಹಾಲಿನ ಗುಣ

ಆಡಿನ ಹಾಲಿನ ಕೊಬ್ಬಿನ ಕಣಗಳು ಸಣ್ಣವು. ಹಲವರಿಗೆ ಇದು ಹಗುರವಾಗಿ ಜೀರ್ಣವಾಗುತ್ತದೆ. ಆದರೆ ಇದರ ಸುತ್ತ ಬೆಳೆದ ಎಲ್ಲ ಮಾತುಗಳೂ ನಿಜವಲ್ಲ. ಇದರಲ್ಲಿ ಫೋಲಿಕ್ ಆಮ್ಲ ತೀರ ಕಡಿಮೆ. ಒಂದು ವರ್ಷದೊಳಗಿನ ಕೂಸಿಗೆ ತಾಯಿಯ ಹಾಲಿಗೆ ಬದಲಾಗಿ ಇದನ್ನು ಕೊಟ್ಟರೆ ರಕ್ತಹೀನತೆ ಬರಬಹುದು. ಹಸುವಿನ ಹಾಲು ಅಲರ್ಜಿಯಾಗುವವರಲ್ಲಿ ಬಹುಮಂದಿಗೆ ಇದೂ ಅಲರ್ಜಿಯೇ. ಹಸಿ ಹಾಲಿನಿಂದ ಬ್ರುಸೆಲ್ಲಾ ಜ್ವರ ಹರಡುವುದರಿಂದ ಕುದಿಸದೆ ಕುಡಿಯಬಾರದು. 2019ರ ಮಳೆಗಾಲದಲ್ಲಿ ಮಂಗಳೂರಿನಲ್ಲಿ ಡೆಂಗಿ ಜ್ವರ ಹಬ್ಬಿದ್ದನ್ನು ನಾವೆಲ್ಲ ಕಂಡಿದ್ದೇವೆ. ಡೆಂಗಿಯಲ್ಲಿ ಇಳಿದ ಪ್ಲೇಟ್‌ಲೆಟ್ ಆಡಿನ ಹಾಲಿನಿಂದ ಏರುವುದೆಂದು ನಂಬುವವರು ಅನೇಕರು. ಅದಕ್ಕೆ ವೈದ್ಯಕೀಯ ಆಧಾರವಿಲ್ಲ. ಅಂತಹ ಸಮಯದಲ್ಲಿ ರೋಗಿಯ ಮನೆಯವರಿಂದ ದುಪ್ಪಟ್ಟು ಬೆಲೆ ಪಡೆಯುವುದು ಕಾಯಕವೆನಿಸದು.

ಗಂಡುಮರಿಯ ಪ್ರಶ್ನೆ

ಈಗ ಅತ್ತೆಯವರ ಮಾತಿಗೆ ಬರೋಣ. ಮೂರು ಆಡುಗಳು ವರ್ಷಕ್ಕೊಮ್ಮೆ ಈದು, ಸರಾಸರಿ ಒಂದೂವರೆ ಮರಿ ಹಾಕಿದರೆ ಎರಡು ವರ್ಷಕ್ಕೆ ಒಂಬತ್ತು ಮರಿ. ಅವುಗಳಲ್ಲಿ ನಾಲ್ಕೈದು ಗಂಡು. ಆಡಿನ ಆಯುಷ್ಯ ಹನ್ನೆರಡು ವರ್ಷ ಅಥವಾ ಇನ್ನೂ ಹೆಚ್ಚು. ಎಲ್ಲ ಗಂಡುಮರಿಗಳನ್ನೂ ಉಳಿಸಿಕೊಂಡರೆ ಐದು ವರ್ಷದಲ್ಲಿ ಎಪ್ಪತ್ತು ಸೆಂಟ್ಸು ತೋಟ ಬೋಳಾಗುತ್ತದೆ. ಮಾರಿದರೆ ಅವು ಹೋಗುವುದು ಎಲ್ಲಿಗೆಂದು ಯಾರೂ ಹೇಳಬೇಕಾಗಿಲ್ಲ. 2019ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಸುಮಾರು 14.9 ಕೋಟಿ ಆಡುಗಳಿದ್ದವು. ಆದರೂ ದೇಶದ ಒಟ್ಟು ಹಾಲಿನಲ್ಲಿ ಆಡಿನ ಪಾಲು ನೂರಕ್ಕೆ ಮೂರು ನಾಲ್ಕರಷ್ಟು ಮಾತ್ರ. ನಮ್ಮ ದೇಶದಲ್ಲಿ ಆಡನ್ನು ಸಾಕುವುದು ಮುಖ್ಯವಾಗಿ ಹಾಲಿಗಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ನಮ್ಮ ಮನೆಯಲ್ಲಿ ಹುಟ್ಟಿದ ಮೊದಲ ಎರಡು ಗಂಡುಮರಿಗಳನ್ನು, ಸಾಕಲಿಕ್ಕೆಂದು ಹೇಳಿ ಬಂದವನೊಬ್ಬನಿಗೆ ಕೊಟ್ಟೆ. ಅವನು ಕೊಟ್ಟ ಬೆಲೆಯನ್ನು ಕಂಡೊಡನೆಯೇ ನನಗೆ ತಿಳಿಯಬೇಕಿತ್ತು. ಅವನ ಮಾತನ್ನು ನಂಬಿದೆ, ನಂಬುವುದು ಅನುಕೂಲವಾಗಿತ್ತು. ಮರುದಿನ ಬೆಳಿಗ್ಗೆ ನಮ್ಮ ಮನೆಯವರು ಪೂಜೆಗೆ ಕುಳಿತಾಗ ಎಂದಿನಂತೆ ಬಟ್ಟಲಲ್ಲಿ ಆಡಿನ ಹಾಲು ಇರಲಿಲ್ಲ. ಕೇಳಿದೆ. "ಮರಿ ಎಲ್ಲಿ ಹೋಯಿತೆಂದು ನೀವು ಹೇಳಿ, ಆಮೇಲೆ ಹಾಲು ಇಡುತ್ತೇನೆ" ಎಂದರು. ಹೇಳಲು ನನ್ನ ಬಳಿ ಏನೂ ಇರಲಿಲ್ಲ. ಹರಕೆಗೆಂದು ತಂದ ಕುರಿಯನ್ನು ಕುರಿತು ಬಸವಣ್ಣನವರ ವಚನವನ್ನು ಎಷ್ಟೋ ಸಭೆಗಳಲ್ಲಿ ಕೇಳಿ ತಲೆದೂಗಿದ್ದವನು ನಾನು.

ಗಾಂಧೀಜಿಯವರ ಬದುಕಿನ ಒಂದು ಪ್ರಸಂಗ ಇಲ್ಲಿ ನೆನಪಾಗುತ್ತದೆ. ಹಸು ಎಮ್ಮೆಗಳನ್ನು ಹಿಂಸಿಸಿ ಹಾಲು ಹಿಂಡುವ ಕ್ರಮವನ್ನು ತಿಳಿದು ಅವರು 1912ರಲ್ಲಿ ಹಾಲನ್ನೇ ತ್ಯಜಿಸಿದ್ದರು. ಮುಂದೆ ಕಠಿಣ ಕಾಯಿಲೆಯಿಂದ ಬಳಲಿದಾಗ, ಆಡಿನ ಹಾಲಿಗೆ ಆ ವ್ರತ ಅಡ್ಡಿಯಾಗದೆಂದು ಕಸ್ತೂರಬಾ ಸೂಚಿಸಿದರು. 1919ರಿಂದ ಆಡಿನ ಹಾಲು ಅವರ ಆಹಾರವಾಯಿತು. 1920, 1927 ಮತ್ತು 1934ರಲ್ಲಿ ಅವರು ಮಂಗಳೂರಿಗೆ ಬಂದುದೂ ಆ ಬಳಿಕವೇ. ಆದರೆ ವ್ರತದ ಅಕ್ಷರವನ್ನು ಉಳಿಸಿಕೊಂಡು ಅದರ ಆತ್ಮವನ್ನು ಕಳೆದುಕೊಂಡೆನೆಂಬ ಕೊರಗನ್ನು ಅವರು ತಮ್ಮ ಆತ್ಮಕಥೆಯಲ್ಲಿ ಮುಚ್ಚಿಡದೆ ಬರೆದರು. ಮಾಂಸ ಮುಟ್ಟದೆ, ಮರಿಯನ್ನು ಮಾರಿ, ಹಾಲು ಕುಡಿಯುವ ನಮಗೂ ಆ ಕೊರಗು ಇರಬೇಡವೇ?

ಹಾಗಾದರೆ ಪ್ಯಾಕೆಟ್ಟಿನ ಹಾಲು ನಿರ್ದೋಷವೇ ಎಂದು ಕೇಳಬಹುದು. ಅಲ್ಲ. ಹಸುವಿಗೂ ಗಂಡುಕರು ಹುಟ್ಟುತ್ತದೆ. ಅದು ನಮ್ಮ ಕಣ್ಣೆದುರಿಗಿಲ್ಲ, ಅಷ್ಟೆ. ಹಟ್ಟಿ ನಮ್ಮದಾದಾಗ ಆ ಪರದೆ ಸರಿಯುತ್ತದೆ. ಆಡು ಸಾಕುವುದರಿಂದ ಪಾಪ ಹೊಸದಾಗಿ ಬರುವುದಿಲ್ಲ. ಇದ್ದ ಲೆಕ್ಕ ಮನೆ ಬಾಗಿಲಿಗೆ ಬರುತ್ತದೆ.

ಆ ಲೆಕ್ಕವನ್ನು ನಾವು ತೀರಿಸುತ್ತಿರುವ ಬಗೆ ಹೀಗಿದೆ. ಆಡುಗಳು ಎರಡೇ. ಒಂದು ವರ್ಷ ಒಂದನ್ನು, ಮರುವರ್ಷ ಇನ್ನೊಂದನ್ನು ಮಾತ್ರ ಹೋತಕ್ಕೆ ಬಿಡುತ್ತೇವೆ. ವರ್ಷಕ್ಕೆ ಒಂದೇ ಈತ, ಒಂದೋ ಎರಡೋ ಮರಿ. ಹೆಣ್ಣುಮರಿಯನ್ನು ಹಾಲಿಗೆ ಸಾಕುವ ಪರಿಚಿತರಿಗೆ ಕೊಡುತ್ತೇವೆ. ಲಕ್ಷಣವಾದ ಗಂಡುಮರಿಯನ್ನು ತಳಿಯ ಹೋತವಾಗಿ ಬೇಕೆನ್ನುವ ಸಾಕಣೆದಾರರಿಗೆ ಕೊಡುತ್ತೇವೆ. ಇಂತಹ ಬೇಡಿಕೆ ಹೆಚ್ಚಿಲ್ಲವೆಂಬುದನ್ನು ಒಪ್ಪಲೇಬೇಕು. ಉಳಿದುದಕ್ಕೆ ಪಶುವೈದ್ಯರಿಂದ ಬೀಜ ಒಡೆಸಿ ತೋಟದಲ್ಲಿಯೇ ಉಳಿಸಿಕೊಳ್ಳುತ್ತೇವೆ. ಅದಕ್ಕೆ ಹಿಂಡಿ ಹೆಚ್ಚು ಹಾಕಬಾರದು. ಮೂತ್ರದಲ್ಲಿ ಕಲ್ಲು ಕಟ್ಟುತ್ತದೆ. ಸೊಪ್ಪು ತಿಂದು, ಕಳೆ ಮೇಯ್ದು, ಗೊಬ್ಬರ ಕೊಟ್ಟು ಅದು ತನ್ನ ಪಾಡಿಗೆ ಇರುತ್ತದೆ. ಸದ್ಯ ಮೂರು ಇವೆ. ನಾಲ್ಕನೆಯದಕ್ಕೆ ನಮ್ಮಲ್ಲಿ ಸೊಪ್ಪಿಲ್ಲ. ಆ ದಿನ ಬಂದರೆ ಆಡುಗಳನ್ನು ಗಬ್ಬ ಮಾಡಿಸುವುದನ್ನೇ ನಿಲ್ಲಿಸುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ.

ಇದರಿಂದ ಲಾಭವಿಲ್ಲ. ವರ್ಷದಲ್ಲಿ ಐದಾರು ತಿಂಗಳು ದಿನಕ್ಕೊಂದು ಲೀಟರು ಹಾಲು, ಉಳಿದ ಕಾಲ ಪ್ಯಾಕೆಟ್ಟೇ ಗತಿ. ಹಿಂಡಿಯ ಖರ್ಚನ್ನು ಗೊಬ್ಬರದ ಬೆಲೆ ಸ್ವಲ್ಪ ಮಟ್ಟಿಗೆ ತುಂಬುತ್ತದೆ, ಪೂರ್ತಿ ಅಲ್ಲ. ಆಡು ಸಾಕಣೆಯಿಂದ ಸಂಪಾದನೆ ಮಾಡುವೆನೆಂಬವರಿಗೆ ಈ ದಾರಿ ಹೇಳಿದ್ದಲ್ಲ. ಅಂತಹವರು ಗಂಡುಮರಿ ಎಲ್ಲಿಗೆ ಹೋಗುವುದೆಂಬುದನ್ನು ತಮಗೆ ತಾವೇ ಸುಳ್ಳಿಲ್ಲದೆ ಹೇಳಿಕೊಂಡು ಮುಂದುವರಿಯಲಿ. ಅದೇ ಬದುಕಾದ ಬಡವರನ್ನು ಜರೆಯುವ ಹಕ್ಕು, ಪಿಂಚಣಿಯ ಆಸರೆಯಿರುವ ನಮ್ಮಂತಹವರಿಗೆ ಇಲ್ಲ.

ಲಿಂಗವಂತರಿಗೆ ಆಡು ಕುರಿ ಸಲ್ಲದೆಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ಸಿಂದಗಿ ಸೀಮೆಯ ಗೊಲ್ಲಾಳೇಶ್ವರನ ಕಥೆಯನ್ನು ನಮ್ಮ ಮನೆಗಳಲ್ಲಿ ಮಕ್ಕಳಿಗೂ ಹೇಳುತ್ತೇವೆ. ಶ್ರೀಶೈಲದಿಂದ ಲಿಂಗ ತಂದುಕೊಡುವೆನೆಂದು ಮಾತು ಕೊಟ್ಟವನು ಮರೆತು, ಕುರಿಯ ಹಿಕ್ಕೆಯನ್ನು ಕೈಗಿಟ್ಟರೂ ಅದನ್ನೇ ಲಿಂಗವೆಂದು ಪೂಜಿಸಿದ ಕುರಿಗಾಹಿ ಅವನು. ಶರಣರಲ್ಲಿ ತುರುಗಾಹಿಯೂ ಇದ್ದ, ಕುರಿಗಾಹಿಯೂ ಇದ್ದ. ಅವರಿಗೆ ಆ ಪ್ರಾಣಿಗಳ ಬದುಕು ಸಾವು ಕಣ್ಣೆದುರಿನದಾಗಿತ್ತು.

ಆದುದರಿಂದ ಆ ಸಹೋದರಿಗೆ ನನ್ನ ವಿನಂತಿ ಇಷ್ಟೆ. ಬೇಲಿಯಲ್ಲಿ ಹಲಸು, ಗ್ಲಿರಿಸಿಡಿಯಾ ನೆಡಿರಿ. ಅಟ್ಟ ಕಟ್ಟಿಸಿರಿ. ಆಡನ್ನು ತರುವ ಮುನ್ನ ಒಂದು ಸಂಜೆ ಮನೆಮಂದಿಯೆಲ್ಲ ಅತ್ತೆಯವರ ಬಳಿ ಕುಳಿತು, ಗಂಡುಮರಿ ಹುಟ್ಟಿದರೆ ಏನು ಮಾಡುವೆವೆಂದು ಅವರಿಗೆ ಹೇಳಿರಿ. ಆ ಉತ್ತರ ಕೇಳಿ ಅವರು ಹೂಂ ಎಂದರೆ ಆಡು ತನ್ನಿರಿ. ಅವರು ಸುಮ್ಮನಾದರೆ, ಇನ್ನೊಂದು ವರ್ಷ ಗಿಡ ಬೆಳೆಯಲಿ.

ಶರಣು.